‘ಗೊತ್ತಿಲ್ಲ’ ಎಂದು ಬರೆದ ಜಾಗ: ಮೆಲ್ವಿನಿಯಾ ಶೀಲ್ಡ್ಸ್ ವಂಶಾವಳಿಯ ಶೋಧ

1938ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ತೊಂಬತ್ತು ದಾಟಿದ್ದ ಮೆಲ್ವಿನಿಯಾ ಎಂಬ ಕಪ್ಪು ಮಹಿಳೆ ತೀರಿಕೊಂಡಳು. ಆಕೆಯ ಮರಣ ಪ್ರಮಾಣಪತ್ರಕ್ಕೆ ಸಹಿ ಹಾಕಿದವರು ಒಬ್ಬ ಸಂಬಂಧಿಕರು. ತಂದೆ ತಾಯಿಯ ಹೆಸರು ಬರೆಯಬೇಕಾದ ಜಾಗದಲ್ಲಿ ‘ಗೊತ್ತಿಲ್ಲ’ ಎಂದಿದೆ. ವಂಶಾವಳಿ ಹುಡುಕುವವರಿಗೆ ಮರಣ ಪ್ರಮಾಣಪತ್ರವೆಂದರೆ ಸಾಮಾನ್ಯವಾಗಿ ಒಂದು ತಲೆಮಾರು ಮೇಲಕ್ಕೆ ಹತ್ತಿಸುವ ಮೆಟ್ಟಿಲು. ಸತ್ತವರ ತಾಯಿಯ ಹೆಸರು ಅದರಲ್ಲಿ ಸಿಕ್ಕಿತೆಂದರೆ ಮುಂದಿನ ಹುಡುಕಾಟಕ್ಕೆ ಹಿಡಿಕೆ ಸಿಕ್ಕಂತೆಯೇ. ಈ ಪ್ರಕರಣದಲ್ಲಿ ಆ ಮೆಟ್ಟಿಲು ಕಳಚಿಹೋಗಿದೆ.

ಮೆಲ್ವಿನಿಯಾಳಿಂದ ಕೆಳಕ್ಕೆ ಐದು ತಲೆಮಾರು ಇಳಿದರೆ ಸಿಗುವವರು ಅಮೆರಿಕದ ಅಧ್ಯಕ್ಷರ ಪತ್ನಿಯಾಗಿದ್ದ ಮಿಶೆಲ್ ಒಬಾಮಾ. ಆ ಸಂಬಂಧವನ್ನು ಕಾಗದಗಳ ಆಧಾರದ ಮೇಲೆ ಮೊದಲು ಬಿಡಿಸಿದವರು ವಂಶಾವಳಿ ತಜ್ಞೆ ಮೆಗನ್ ಸ್ಮೋಲೆನ್ಯಾಕ್. 2009ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ವರದಿ ಮಾಡಿತು. ಅದೇ ಪತ್ರಿಕೆಯ ವರದಿಗಾರ್ತಿ ರೇಚಲ್ ಸ್ವಾರ್ನ್ಸ್ ಮುಂದಿನ ಎರಡು ಮೂರು ವರ್ಷ ಈ ಎಳೆಯನ್ನೇ ಹಿಡಿದು ಕೆಲಸ ಮಾಡಿ, ಡಿಎನ್‌ಎ ಪರೀಕ್ಷೆಗಳ ನೆರವಿನಿಂದ ಇನ್ನೊಂದು ಗಂಟನ್ನು ಸಡಿಲಿಸಿದರು. ಶ್ವೇತಭವನದ ನಂಟು ಇದ್ದುದರಿಂದಲೇ ಈ ಶೋಧ ಸುದ್ದಿಯಾಯಿತು, ನಿಜ. ಆದರೆ ಆ ನಂಟನ್ನು ಬದಿಗಿಟ್ಟು ನೋಡಿದಾಗಲೇ ಪ್ರಕರಣ ಹೆಚ್ಚು ಸ್ವಾರಸ್ಯಕರವಾಗುತ್ತದೆ. ಓದು ಬರಹ ಬಾರದ, ಆಸ್ತಿಯಿಲ್ಲದ, ಬದುಕಿನ ಮೊದಲ ಇಪ್ಪತ್ತು ವರ್ಷ ತಾನೇ ಇನ್ನೊಬ್ಬರ ಆಸ್ತಿಯಾಗಿದ್ದ ಒಬ್ಬ ಹೆಂಗಸು ಸರ್ಕಾರಿ ಮತ್ತು ಖಾಸಗಿ ಕಾಗದಗಳಲ್ಲಿ ಎಲ್ಲೆಲ್ಲಿ ಕಾಣಿಸುತ್ತಾಳೆ, ಪ್ರತಿ ಕಾಗದ ಎಷ್ಟು ಭಾರ ಹೊರಬಲ್ಲದು ಎಂಬುದೇ ಈ ಅಧ್ಯಯನದ ವಿಷಯ.

ಕೆಳಗಿನಿಂದ ಮೇಲಕ್ಕೆ

ವಂಶಾವಳಿಯ ಕೆಲಸದಲ್ಲಿ ತಿಳಿದವರಿಂದ ತಿಳಿಯದವರ ಕಡೆಗೆ ನಡೆಯಬೇಕು. ಯಾರೋ ಪ್ರಸಿದ್ಧ ಪೂರ್ವಜರನ್ನು ಊಹಿಸಿಕೊಂಡು ಅವರಿಂದ ಕೆಳಗಿಳಿಯಲು ಹೊರಟವರು ಹೆಚ್ಚಿನ ಸಲ ಬೇರೆಯವರ ಮನೆಯ ಅಂಗಳದಲ್ಲಿ ಹೋಗಿ ನಿಲ್ಲುತ್ತಾರೆ. ಇಲ್ಲಿ ಆರಂಭದ ಬಿಂದು 1964ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಮಿಶೆಲ್ ರಾಬಿನ್ಸನ್. ಆಕೆಯ ತಾಯಿ ಮರಿಯನ್ ಅವರ ತವರಿನ ಹೆಸರು ಶೀಲ್ಡ್ಸ್. ಮರಿಯನ್ ಅವರ ತಂದೆ ಪರ್ನೆಲ್ ಶೀಲ್ಡ್ಸ್ ಬಣ್ಣ ಹೊಡೆಯುವ ಕೆಲಸಗಾರರಾಗಿದ್ದು, ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಿಂದ ಶಿಕಾಗೋಕ್ಕೆ ಬಂದವರು. ಪರ್ನೆಲ್ ಅವರ ತಂದೆ ರಾಬರ್ಟ್ ಲೀ ಶೀಲ್ಡ್ಸ್ 1906ರಲ್ಲಿ ಆನಿ ಲಾಸನ್ ಎಂಬಾಕೆಯನ್ನು ಮದುವೆಯಾಗಿ, ಕೂಲಿಯಾಗಿಯೂ ರೈಲಿನ ಪೋರ್ಟರ್ ಆಗಿಯೂ ದುಡಿದು, ಸುಮಾರು ಮೂವತ್ತೆರಡರ ವಯಸ್ಸಿಗೆ ದಾಖಲೆಗಳಿಂದಲೇ ಮಾಯವಾಗುತ್ತಾರೆ. ಅವರ ತಂದೆ ಡಾಲ್ಫಸ್ ಶೀಲ್ಡ್ಸ್. ಡಾಲ್ಫಸ್‌ನ ತಾಯಿಯೇ ಮೆಲ್ವಿನಿಯಾ.

ಈ ದಾರಿಯನ್ನು ಒಮ್ಮೆ ಬಾಯಲ್ಲಿ ಹೇಳಿಕೊಂಡು ನೋಡಬೇಕು: ತಾಯಿಯ ತಂದೆಯ ತಂದೆಯ ತಂದೆಯ ತಾಯಿ. ನಡುವಿನ ಮೂರು ಕೊಂಡಿಗಳು ಗಂಡಸರಾದ್ದರಿಂದ ಶೀಲ್ಡ್ಸ್ ಎಂಬ ಹೆಸರು ಅಷ್ಟು ದೂರ ಬದಲಾಗದೆ ಉಳಿಯಿತು. ದಾರಿಯ ಎರಡು ತುದಿಗಳಲ್ಲಿ ಹೆಂಗಸರಿದ್ದಾರೆ, ಕಷ್ಟಗಳೂ ಅಲ್ಲೇ ಇವೆ. ಮರಿಯನ್ ಅವರ ಮದುವೆಯಿಂದ ಶೀಲ್ಡ್ಸ್ ಎಂಬ ಹೆಸರು ರಾಬಿನ್ಸನ್ ಎಂಬುದರ ಹಿಂದೆ ಅಡಗಿತು. ಮೇಲಿನ ತುದಿಯಲ್ಲಿ ಮೆಲ್ವಿನಿಯಾ ಕೊನೆಗಾಲದಲ್ಲಿ ಮ್ಯಾಟಿ ಮೆಗ್ರೂಡರ್ ಎಂಬ ಹೆಸರಿನಲ್ಲಿಯೂ ಕಾಣಿಸಿಕೊಳ್ಳುತ್ತಾಳೆ. ಶೀಲ್ಡ್ಸ್ ಎಂಬ ಹೆಸರನ್ನು ಮಾತ್ರ ಹಿಡಿದು ಸೂಚಿ ಹುಡುಕುವವರಿಗೆ ಆಕೆಯ ಮರಣದ ದಾಖಲೆ ಕೈಗೆ ಸಿಗುವುದಿಲ್ಲ.

ಡಾಲ್ಫಸ್‌ನ ಬದುಕು ಕಾಗದದಲ್ಲಿ ಚೆನ್ನಾಗಿ ಉಳಿದಿದೆ, ಅದಕ್ಕೆ ಕಾರಣವೂ ಸ್ಪಷ್ಟ. ಆತ ಬಡಗಿ, ಓದು ಬರಹ ಬಲ್ಲವನು. 1880ರ ದಶಕದ ಕೊನೆಯ ಹೊತ್ತಿಗೆ ಬರ್ಮಿಂಗ್‌ಹ್ಯಾಮ್‌ಗೆ ಬಂದು, 1900ರ ವೇಳೆಗೆ ಸ್ವಂತ ಮನೆ ಮಾಡಿಕೊಂಡಿದ್ದ. 1911ರ ಹೊತ್ತಿಗೆ ಮರಗೆಲಸದ ಜೊತೆಗೆ ಹತ್ಯಾರುಗಳಿಗೆ ಸಾಣೆ ಹಿಡಿಯುವ ತನ್ನದೇ ಅಂಗಡಿ ತೆರೆದಿದ್ದ. ಎರಡು ಬ್ಯಾಪ್ಟಿಸ್ಟ್ ಚರ್ಚುಗಳ ಸ್ಥಾಪಕರಲ್ಲಿ ಅವನೂ ಒಬ್ಬ. ಮನೆಯ ಕ್ರಯಪತ್ರ, ಊರಿನ ವಿಳಾಸ ಪುಸ್ತಕ, ಚರ್ಚಿನ ದಾಖಲೆ: ಸ್ವತ್ತು ಮತ್ತು ಸ್ಥಾನ ಇದ್ದವರ ಸುತ್ತ ಇಂಥ ಕಾಗದಗಳು ತಾನಾಗಿಯೇ ಬೆಳೆಯುತ್ತವೆ. ಆತ 91ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಬರ್ಮಿಂಗ್‌ಹ್ಯಾಮ್ ವರ್ಲ್ಡ್ ಎಂಬ ಕಪ್ಪು ಜನರ ಪತ್ರಿಕೆ 1950ರ ಜೂನ್ 9ರ ಸಂಚಿಕೆಯ ಮುಖಪುಟದಲ್ಲೇ ಸುದ್ದಿ ಹಾಕಿತು. ಊಟದ ಬೋಗಿಗಳಲ್ಲೂ ಉನ್ನತ ಶಿಕ್ಷಣದಲ್ಲೂ ವರ್ಣಭೇದ ಸಲ್ಲದೆಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಸುದ್ದಿ ಅದೇ ಸಂಚಿಕೆಯ ದೊಡ್ಡ ತಲೆಬರಹವಾಗಿತ್ತು. ಗುಲಾಮನಾಗಿ ಹುಟ್ಟಿದವನು ಆ ತಲೆಬರಹದ ದಿನಗಳವರೆಗೂ ಬದುಕಿದ್ದ ಎಂಬುದು, ನಾವು ಬಹು ಹಿಂದಿನದೆಂದು ಭಾವಿಸುವ ಕಾಲ ನಿಜಕ್ಕೂ ಎಷ್ಟು ಹತ್ತಿರದ್ದೆಂಬುದನ್ನು ತೋರಿಸುತ್ತದೆ.

1870ರ ಗೋಡೆ

ಕಪ್ಪು ಅಮೆರಿಕನ್ನರ ವಂಶ ಹುಡುಕುವವರೆಲ್ಲ 1870ಕ್ಕೆ ಬಂದು ನಿಲ್ಲುತ್ತಾರೆ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರನ್ನು ಹೆಸರು ಹಿಡಿದು ಬರೆದುಕೊಂಡ ಮೊದಲ ರಾಷ್ಟ್ರೀಯ ಜನಗಣತಿ ಆ ವರ್ಷದ್ದು. 1850 ಮತ್ತು 1860ರಲ್ಲಿ ಗುಲಾಮರನ್ನು ಪ್ರತ್ಯೇಕ ಪಟ್ಟಿಯಲ್ಲಿ ಎಣಿಸಿದರು. ಆ ಪಟ್ಟಿಯಲ್ಲಿ ಹೆಸರಿರುವುದು ಒಡೆಯನಿಗೆ. ಅವನ ಕೆಳಗೆ ಸಾಲಾಗಿ ವಯಸ್ಸು, ಹೆಣ್ಣೋ ಗಂಡೋ, ಕಪ್ಪೋ ಮಿಶ್ರವರ್ಣವೋ ಎಂಬ ಗುರುತು ಇವೆ, ಅಷ್ಟೇ.

1870ರ ಗಣತಿಯಲ್ಲಿ ಮೆಲ್ವಿನಿಯಾ ಶೀಲ್ಡ್ಸ್ ತನ್ನ ನಾಲ್ಕು ಮಕ್ಕಳೊಂದಿಗೆ ಜಾರ್ಜಿಯಾದಲ್ಲಿ ಇದ್ದಾಳೆ. ಬಿಡುಗಡೆಯಾಗಿ ಐದು ವರ್ಷ ಕಳೆದರೂ ಆಕೆ ಊರು ಬಿಟ್ಟಿರಲಿಲ್ಲ, ಹೊಲದ ಕೂಲಿಯಾಗಿ ದುಡಿಯುತ್ತಿದ್ದಳು. ಆ ಹೊಲದ ಪಕ್ಕದ ಜಮೀನು ಹಳೆಯ ಒಡೆಯನ ಮಗ ಚಾರ್ಲ್ಸ್ ಶೀಲ್ಡ್ಸ್‌ನದು. ನಾಲ್ಕು ಮಕ್ಕಳಲ್ಲಿ ಮೂವರ ಮುಂದೆ ಗಣತಿದಾರ ಮಿಶ್ರವರ್ಣ ಎಂದು ಗುರುತು ಹಾಕಿದ್ದಾನೆ. ಮಕ್ಕಳಲ್ಲಿ ಒಂದು ಹುಟ್ಟಿದ್ದು ಬಿಡುಗಡೆಯಾದ ನಾಲ್ಕು ವರ್ಷಕ್ಕೆ.

ಈ ಒಂದು ಹಾಳೆಯಿಂದ ಎಷ್ಟನ್ನು ತೆಗೆಯಬಹುದು, ಎಷ್ಟನ್ನು ತೆಗೆಯಬಾರದು ಎಂಬುದರಲ್ಲೇ ಶೋಧಕರ ಸಂಯಮ ಗೊತ್ತಾಗುತ್ತದೆ. ಬಣ್ಣದ ಕಾಲಂ ಗಣತಿದಾರನ ಕಣ್ಣಂದಾಜು. ಅದು ಹೆತ್ತವರ ಪುರಾವೆಯಲ್ಲ, ಒಬ್ಬನೇ ಮನುಷ್ಯ ಹತ್ತು ವರ್ಷಗಳ ಅಂತರದಲ್ಲಿ ಎರಡು ಬಣ್ಣಗಳಲ್ಲಿ ದಾಖಲಾದ ಉದಾಹರಣೆಗಳು ಬೇಕಾದಷ್ಟಿವೆ. ಮನೆಯ ಯಜಮಾನರಿಗೆ ಉಳಿದವರು ಏನಾಗಬೇಕು ಎಂಬ ಪ್ರಶ್ನೆಯನ್ನು ಗಣತಿಯಲ್ಲಿ ಸೇರಿಸಿದ್ದು 1880ರಲ್ಲಿ. ಹಾಗಾಗಿ 1870ರ ಹಾಳೆಯಲ್ಲಿ ಒಂದೇ ಮನೆಯಲ್ಲಿರುವ ಹೆಂಗಸು ಮತ್ತು ಮಕ್ಕಳು ತಾಯಿ ಮಕ್ಕಳೇ ಎಂದು ಆ ಹಾಳೆಯೊಂದೇ ಹೇಳಲಾರದು. ಮುಂದಿನ ಗಣತಿ ಬೇಕು, ಡಾಲ್ಫಸ್‌ನ ಕಡೆಯ ಕಾಗದಗಳೂ ಬೇಕು. ಆದರೂ ಮೂರು ಮಕ್ಕಳ ಗುರುತು, ಪಕ್ಕದ ಜಮೀನು, ಬಿಡುಗಡೆಯ ಆಚೆಗೂ ಮುಂದುವರಿದ ಹೆರಿಗೆ, ಈ ಮೂರನ್ನು ಒಟ್ಟಿಗೆ ಇಟ್ಟಾಗ ಒಂದು ಪ್ರಶ್ನೆ ಎದ್ದೇ ಏಳುತ್ತದೆ. ಅದನ್ನು ಮುಂದೆ ನೋಡೋಣ.

ಒಡತಿಯ ತವರು

ಗೋಡೆ ದಾಟುವ ಉಪಾಯ ಹೊಸದೇನಲ್ಲ: ಗುಲಾಮಳನ್ನು ಹುಡುಕುವುದನ್ನು ಬಿಟ್ಟು ಒಡೆಯನ ಆಸ್ತಿಯನ್ನು ಹುಡುಕಬೇಕು. ಮೆಲ್ವಿನಿಯಾ ಇಟ್ಟುಕೊಂಡ ಶೀಲ್ಡ್ಸ್ ಎಂಬ ಹೆಸರು ಹೆನ್ರಿ ಶೀಲ್ಡ್ಸ್ ಎಂಬ ರೈತನ ಕಡೆ ಕೈ ತೋರಿಸುತ್ತದೆ. ಈಗಿನ ಅಟ್ಲಾಂಟಾ ನಗರದ ದಕ್ಷಿಣಕ್ಕೆ, ಕ್ಲೇಟನ್ ಕೌಂಟಿಯ ರೆಕ್ಸ್ ಎಂಬ ಊರಿನ ಬಳಿ ಅವನ 200 ಎಕರೆ ಜಮೀನಿತ್ತು. ಕ್ಲೇಟನ್ ಕೌಂಟಿ ಹುಟ್ಟಿದ್ದೇ 1858ರಲ್ಲಿ, ಫೇಯಟ್ ಮತ್ತು ಹೆನ್ರಿ ಕೌಂಟಿಗಳ ತುಂಡುಗಳಿಂದ. ಅದಕ್ಕೆ ಹಿಂದಿನ ಕಾಗದ ಬೇಕಾದರೆ ಹಳೆಯ ಕೌಂಟಿಗಳ ಕಚೇರಿಯ ಬಾಗಿಲು ತಟ್ಟಬೇಕು. ಜಮೀನು ಕದಲದಿದ್ದರೂ ಅದರ ಪತ್ರಗಳಿರುವ ಊರು ಬದಲಾಗುತ್ತದೆ ಎಂಬುದನ್ನು ಮರೆತು ‘ದಾಖಲೆ ಇಲ್ಲ’ ಎಂದು ಕೈಚೆಲ್ಲಿದವರು ಬಹಳ ಮಂದಿ.

1860ರ ಲೆಕ್ಕದಂತೆ ಆ ಜಮೀನಿನಲ್ಲಿದ್ದ ಗುಲಾಮರು ಮೂವರೇ. ಅದೇ ವರ್ಷದ ಕೃಷಿ ಗಣತಿಯಲ್ಲಿ ಹೆನ್ರಿಯ ಬಳಿ 3 ಕುದುರೆ, 5 ಹಸು, 17 ಹಂದಿ, 20 ಕುರಿ ಇದ್ದುದಾಗಿ ಬರೆದಿದೆ. ಬೆಳೆಗಳು ಗೋಧಿ, ಮೆಕ್ಕೆಜೋಳ, ಗೆಣಸು, ಹತ್ತಿ. ಮೆಲ್ವಿನಿಯಾಳ ದಿನಚರಿಯ ಬಗ್ಗೆ ಯಾರೂ ಒಂದು ಸಾಲು ಬರೆದಿಟ್ಟಿಲ್ಲ, ಆದರೆ ಈ ಪಟ್ಟಿಯೇ ಆಕೆಯ ದಿನಚರಿ ಎಂದು ಓದಿಕೊಂಡರೆ ತಪ್ಪಾಗಲಾರದು. ಮೂವರೇ ಇರುವ ಜಮೀನಿನಲ್ಲಿ ಮನೆಗೆಲಸದವಳು, ಹೊಲದವಳು ಎಂಬ ವಿಂಗಡಣೆಗೆ ಎಡೆಯಿರುವುದಿಲ್ಲ. ಇಪ್ಪತ್ತು ಕುರಿಗಳ ಲೆಕ್ಕವೂ, ಆ ಕುರಿಗಳಿಗೆ ನೀರು ತೋರಿಸಿರಬಹುದಾದ ಹುಡುಗಿಯ ಲೆಕ್ಕವೂ ಬೇರೆ ಬೇರೆ ಹಾಳೆಗಳಲ್ಲಿ, ಒಂದೇ ರೀತಿ ಹೆಸರಿಲ್ಲದೆ ಸೇರಿಕೊಂಡಿವೆ.

ಹೆನ್ರಿಯ ಕಾಗದಗಳಲ್ಲಿ ಮಾತ್ರ ಹುಡುಕುತ್ತ ಕೂತಿದ್ದರೆ ಶೋಧ ಇಲ್ಲಿಗೇ ನಿಲ್ಲುತ್ತಿತ್ತು. ದಾರಿ ತೆರೆದದ್ದು ಅವನ ಹೆಂಡತಿ ಕ್ರಿಸ್ಟಿಯಾನ್ ಕಡೆಯಿಂದ. ಆಕೆಯ ತವರು ಪ್ಯಾಟರ್ಸನ್ ಮನೆತನ, ತಂದೆ ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗ್ ಪ್ರದೇಶದ ಡೇವಿಡ್ ಪ್ಯಾಟರ್ಸನ್. ದಕ್ಷಿಣದ ರಾಜ್ಯಗಳಲ್ಲಿ ಗುಲಾಮರು ಎಷ್ಟೋ ಸಲ ಒಂದು ಮನೆಯಿಂದ ಇನ್ನೊಂದಕ್ಕೆ ದಾಟಿದ್ದು ಮಾರಾಟದಿಂದಲ್ಲ, ಮಗಳ ಬಳುವಳಿಯಾಗಿ ಇಲ್ಲವೇ ಅಪ್ಪನ ಉಯಿಲಿನ ಪಾಲಾಗಿ. ಮಾರಾಟವಾದರೆ ಒಂದು ಕ್ರಯಪತ್ರವಾದರೂ ಹುಟ್ಟುತ್ತದೆ. ಮನೆಯೊಳಗೇ ಕೈ ಬದಲಾದರೆ ಅದು ಉಯಿಲಿನಲ್ಲಿ ಮಾತ್ರ ಇರುತ್ತದೆ, ಉಯಿಲಿರುವುದು ಒಡತಿಯ ತವರಿನ ಹೆಸರಿನಲ್ಲಿ, ಬೇರೆ ರಾಜ್ಯದ ನ್ಯಾಯಾಲಯದಲ್ಲಿ. ಹೀಗಾಗಿ ಗುಲಾಮ ಹುಡುಗಿಯೊಬ್ಬಳ ಜಾಡು ಸಿಗಬೇಕಾದರೆ ಮೊದಲು ಬಿಳಿಯ ಒಡತಿ ಯಾರ ಮಗಳು ಎಂದು ಪತ್ತೆಮಾಡಬೇಕಾಯಿತು. ಮದುವೆಯಾದೊಡನೆ ಹೆಂಗಸಿನ ಹೆಸರು ಗಂಡನ ಹೆಸರಿನೊಳಗೆ ಕರಗುವ ಆ ಸಮಾಜದಲ್ಲಿ ಅದೂ ಸುಲಭದ ಕೆಲಸವಲ್ಲ. ಇಡೀ ಪ್ರಕರಣದ ಕೀಲಿ ಇಲ್ಲೇ ಇದೆ ಎಂಬುದು ನನ್ನ ಎಣಿಕೆ. ಸುದ್ದಿಯಾದದ್ದು ಡಿಎನ್‌ಎ, ಆದರೆ ಕೆಲಸ ಮಾಡಿದ್ದು ತವರಿನ ಹೆಸರು.

475 ಡಾಲರ್

ಡೇವಿಡ್ ಪ್ಯಾಟರ್ಸನ್ ಮುಪ್ಪಿನಲ್ಲಿ, 1850ರಲ್ಲಿ, ತನ್ನ ಉಯಿಲು ಬರೆಸಿದ. ನೂಲುವ ರಾಟೆ, ಹುಲ್ಲು ಕೊಯ್ಯುವ ಉದ್ದ ಕುಡುಗೋಲು, ಮೇಜಿನ ಬಟ್ಟೆ, ದನಕರು, ಇವುಗಳ ಹಂಚಿಕೆಯ ನಡುವೆ ‘ನೀಗ್ರೋ ಹುಡುಗಿ ಮೆಲ್ವಿನಿಯಾ’ ಎಂಬ ಹೆಸರು ಬರುತ್ತದೆ. ಆಗ ಅವಳಿಗೆ ಸುಮಾರು ಆರು ವರ್ಷ. ಅವನು ಸತ್ತ ಮೇಲೆ, 1852ರಲ್ಲಿ, ಆಸ್ತಿಗೆ ಬೆಲೆ ಕಟ್ಟಿದಾಗ ಅವಳ ಮುಂದೆ ಬರೆದ ಅಂಕಿ 475 ಡಾಲರ್.

ಇಂಥ ಬೆಲೆಪಟ್ಟಿ ಮಾಡುವ ವಿಧಾನವನ್ನು ತಿಳಿದುಕೊಂಡರೆ ಆ ಅಂಕಿಯ ಅರ್ಥ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ನ್ಯಾಯಾಲಯ ನೇಮಿಸಿದ ಕೆಲವರು, ಸಾಮಾನ್ಯವಾಗಿ ನೆರೆಹೊರೆಯ ಜಮೀನುದಾರರು, ಸತ್ತವನ ಮನೆಗೆ ಬಂದು ಕೋಣೆಯಿಂದ ಕೋಣೆಗೆ, ಕೊಟ್ಟಿಗೆಯಿಂದ ಕಣಜಕ್ಕೆ ನಡೆಯುತ್ತ ಪ್ರತಿಯೊಂದರ ಬೆಲೆ ಹೇಳುತ್ತಾರೆ, ಒಬ್ಬ ಬರೆದುಕೊಳ್ಳುತ್ತಾನೆ. ಮನುಷ್ಯರ ಸರದಿ ಬಂದಾಗ ಅವರನ್ನೂ ಎದುರಿಗೆ ನಿಲ್ಲಿಸಿ ವಯಸ್ಸು, ಮೈಕಟ್ಟು ನೋಡಿ ಅಂಕಿ ಹಾಕುತ್ತಾರೆ. ಎಂಟರ ಹುಡುಗಿ ಮಾಡಬಲ್ಲ ಕೆಲಸಕ್ಕೆ ಅಷ್ಟು ಹಣ ಬಾಳುವುದಿಲ್ಲ. ತಾಯಿ ಗುಲಾಮಳಾದರೆ ಮಕ್ಕಳೂ ಗುಲಾಮರೇ ಎಂಬ ನಿಯಮ 1662ರಲ್ಲಿ ವರ್ಜೀನಿಯಾದಲ್ಲಿ ಕಾನೂನಾಗಿ, ಆಮೇಲೆ ದಕ್ಷಿಣದಲ್ಲೆಲ್ಲ ಬೇರೂರಿತ್ತು. ಹಾಗಾಗಿ ಹುಡುಗಿಯೊಬ್ಬಳಿಗೆ ಕಟ್ಟುವ ಬೆಲೆಯಲ್ಲಿ ಅವಳು ಮುಂದೆ ಹೆರಲಿರುವ ಮಕ್ಕಳ ಬೆಲೆಯೂ ಸೇರಿರುತ್ತಿತ್ತು. ವಂಶಾವಳಿಯ ಕೆಲಸದಲ್ಲಿ ವಿಚಿತ್ರವೆನಿಸುವ ಒಂದು ಸಂಗತಿ ಇದು: ಡಾಲ್ಫಸ್ ಹುಟ್ಟುವುದಕ್ಕೆ ಏಳೆಂಟು ವರ್ಷ ಮೊದಲೇ ಅವನ ಅಂದಾಜು ಒಂದು ಬೆಲೆಪಟ್ಟಿಯೊಳಗೆ ಸೇರಿಕೊಂಡಿದೆ.

ಪ್ಯಾಟರ್ಸನ್ ಸತ್ತ ಮೇಲೆ ಮೆಲ್ವಿನಿಯಾ ಜಾರ್ಜಿಯಾಕ್ಕೆ, ಅವನ ಮಗಳು ಅಳಿಯನ ಮನೆಗೆ ಬಂದಳು. ಹಲವು ಗುಲಾಮ ಕುಟುಂಬಗಳು ಒಟ್ಟಿಗಿದ್ದ ಆಸ್ತಿಯಿಂದ, ಕಪ್ಪು ಮುಖಗಳೇ ಅಪರೂಪವಾದ ಸಣ್ಣ ಜಮೀನಿಗೆ. ಸುಮಾರು ಹದಿನೈದರ ವಯಸ್ಸಿನಲ್ಲಿ ಡಾಲ್ಫಸ್‌ನನ್ನು ಹೆತ್ತಳು.

ತಂದೆ ಯಾರು

ಆ ಹೊತ್ತಿಗೆ ಹೆನ್ರಿ ಶೀಲ್ಡ್ಸ್‌ಗೆ ನಲವತ್ತರ ಕೊನೆಯ ವಯಸ್ಸು. ಹತ್ತೊಂಬತ್ತರಿಂದ ಇಪ್ಪತ್ತನಾಲ್ಕರ ಒಳಗಿನ ನಾಲ್ವರು ಗಂಡುಮಕ್ಕಳು ಅವನಿಗಿದ್ದರು. 2009ರ ವರದಿ ತಂದೆ ಒಬ್ಬ ಬಿಳಿಯ ಎಂದಷ್ಟೇ ಹೇಳಿ, ಯಾರೆಂದು ಹೇಳಲಾಗದೆಂದು ನಿಂತಿತ್ತು. ಕಾಗದ ಅಷ್ಟನ್ನೇ ಹೇಳುತ್ತಿದ್ದುದರಿಂದ ಅದು ಸರಿಯಾದ ನಿಲುಗಡೆ. 2012ರ ಹೊತ್ತಿಗೆ ಡಾಲ್ಫಸ್‌ನ ಸಂತತಿಯವರೂ ಬಿಳಿಯ ಶೀಲ್ಡ್ಸ್ ಮನೆತನದವರೂ ಡಿಎನ್‌ಎ ಮಾದರಿ ಕೊಟ್ಟು, ಎರಡು ಕಡೆಯವರು ರಕ್ತಸಂಬಂಧಿಗಳೆಂದು ಗೊತ್ತಾಯಿತು. ಹೆನ್ರಿಯ ಮಗ ಚಾರ್ಲ್ಸ್ ಮೇರಿಯನ್ ಶೀಲ್ಡ್ಸ್ ತಂದೆಯಾಗಿರುವ ಸಾಧ್ಯತೆಯೇ ಹೆಚ್ಚು ಎಂಬ ನಿರ್ಣಯಕ್ಕೆ ಸ್ವಾರ್ನ್ಸ್ ಬಂದರು.

ಇಲ್ಲಿ ಎರಡು ಮಾತುಗಳನ್ನು ಬೇರೆ ಬೇರೆಯಾಗಿಯೇ ಹಿಡಿದಿಡಬೇಕು. ಡಾಲ್ಫಸ್‌ನ ತಂದೆ ಶೀಲ್ಡ್ಸ್ ಮನೆಯವನು ಎಂಬುದು ಡಿಎನ್‌ಎ ಹೇಳಿದ ಮಾತು. ಅವನು ಚಾರ್ಲ್ಸ್ ಎಂಬುದು ಡಿಎನ್‌ಎ ಮತ್ತು ಕಾಗದ ಸೇರಿ ಹೇಳಿದ ಮಾತು. ತಾಯಿಯಿಂದ ಮಕ್ಕಳಿಗೆ ಬಂದು ಹೆಣ್ಣುಮಕ್ಕಳ ಮೂಲಕ ಮಾತ್ರ ಮುಂದಕ್ಕೆ ಇಳಿಯುವ ಮೈಟೊಕಾಂಡ್ರಿಯಾದ ಡಿಎನ್‌ಎ ಪರೀಕ್ಷೆ ಈ ವಂಶದಲ್ಲಿ ನಿರುಪಯುಕ್ತ, ಮೆಲ್ವಿನಿಯಾಳ ಆ ಎಳೆ ಡಾಲ್ಫಸ್‌ನಲ್ಲೇ ಕಡಿದುಹೋಯಿತು. ತಂದೆಯಿಂದ ಮಗನಿಗೆ ಇಳಿಯುವ ವೈ ವರ್ಣತಂತು ಮನೆತನವನ್ನು ತೋರಿಸೀತು, ಆದರೆ ಹೆನ್ರಿಯದೂ ಅವನ ನಾಲ್ವರು ಮಕ್ಕಳದೂ ಒಂದೇ ವೈ. ಉಳಿದ ವರ್ಣತಂತುಗಳ ಹೋಲಿಕೆ ತಲೆಮಾರಿಗೊಮ್ಮೆ ಕರಗುತ್ತ ಹೋಗುತ್ತದೆ. ಡಾಲ್ಫಸ್‌ನ ಒಬ್ಬ ಮರಿಮಗನನ್ನೂ ಚಾರ್ಲ್ಸ್‌ನ ಬಿಳಿಯ ಮಗನೊಬ್ಬನ ಮರಿಮಗನನ್ನೂ ಪಕ್ಕಪಕ್ಕದಲ್ಲಿ ಇಟ್ಟೆವೆನ್ನೋಣ. ಚಾರ್ಲ್ಸ್ ತಂದೆಯಾಗಿದ್ದರೆ ಇಬ್ಬರ ನಡುವೆ ಸರಾಸರಿ ಶೇ. 0.39ರಷ್ಟು ಹೊಂದಿಕೆ ನಿರೀಕ್ಷಿಸಬಹುದು, ಚಾರ್ಲ್ಸ್‌ನ ಅಣ್ಣನೋ ತಮ್ಮನೋ ಆಗಿದ್ದರೆ ಶೇ. 0.2ರಷ್ಟು. ಅಷ್ಟು ದೂರದ ನಂಟಿನಲ್ಲಿ ಏನೂ ಹೊಂದದ ಜೋಡಿಗಳೂ ಇರುತ್ತವೆ, ಸರಾಸರಿಯ ಎರಡು ಮೂರು ಪಟ್ಟು ಹೊಂದುವವೂ ಇರುತ್ತವೆ. ಎರಡು ಅಂಕಿಗಳ ನಡುವಿನ ವ್ಯತ್ಯಾಸ ಆ ಏರುಪೇರಿನಲ್ಲಿ ಮುಳುಗಿಬಿಡುತ್ತದೆ. ಹಾಗಾಗಿ ಸಹೋದರರಲ್ಲಿ ಒಬ್ಬನನ್ನು ಆರಿಸಲು ಮತ್ತೆ 1870ರ ಹಾಳೆಗೇ, ಪಕ್ಕದ ಜಮೀನು ಯಾರದು ಎಂಬಲ್ಲಿಗೇ ಮರಳಬೇಕಾಗುತ್ತದೆ. ಅದು ಗಟ್ಟಿಯಾದ ಸಾಂದರ್ಭಿಕ ಸಾಕ್ಷ್ಯ, ಆದರೆ ಸಾಂದರ್ಭಿಕವೇ. ‘ಹೆಚ್ಚಿನ ಸಾಧ್ಯತೆ’ ಎಂಬ ಮಾತನ್ನು ಎಷ್ಟೋ ಸುದ್ದಿಗಳು ಮುಂದೆ ಕೈಬಿಟ್ಟವು, ಶೋಧ ನಡೆಸಿದವರು ಬಿಡಲಿಲ್ಲ.

ಆ ಸಂಬಂಧ ಎಂಥದ್ದಾಗಿತ್ತು ಎಂಬುದಕ್ಕೆ ಯಾವ ಕಾಗದವೂ ಇಲ್ಲ. ಕಾನೂನಿನ ಕಣ್ಣಿಗೆ ಸ್ವತ್ತಾಗಿದ್ದ ಹದಿನೈದರ ಹುಡುಗಿಯ ಒಪ್ಪಿಗೆಯನ್ನು ಯಾರೂ ಕೇಳಬೇಕಾಗಿರಲಿಲ್ಲ ಎಂಬುದನ್ನು ಮಾತ್ರ ದೃಢವಾಗಿ ಹೇಳಬಹುದು. ಬಿಡುಗಡೆಯ ನಂತರ ಹುಟ್ಟಿದ ಮಗುವನ್ನು ಮುಂದಿಟ್ಟು ಅದನ್ನು ಪ್ರೇಮವೆಂದು ಓದುವವರಿದ್ದಾರೆ. ನಾಲ್ಕು ಮಕ್ಕಳ ತಾಯಿಗೆ, ಕೈಯಲ್ಲಿ ಕಾಸಿಲ್ಲದೆ, 1869ರ ಜಾರ್ಜಿಯಾದಲ್ಲಿ ಹೋಗಲು ಎಷ್ಟು ಜಾಗಗಳಿದ್ದವು ಎಂದು ಅವರು ಮೊದಲು ಲೆಕ್ಕ ಹಾಕಬೇಕು.

ಬೀಗರು

ಮೂವತ್ತು ದಾಟಿದ ಮೇಲೆ ಯಾವಾಗಲೋ ಮೆಲ್ವಿನಿಯಾ ಶೀಲ್ಡ್ಸ್ ಜಮೀನಿನ ಮಗ್ಗುಲು ಬಿಟ್ಟು ಹೊರಟಳು. ಮುಂದಿನ ಗಣತಿಗಳಲ್ಲಿ ಆಕೆ ಜಾರ್ಜಿಯಾದ ವಾಯವ್ಯ ಮೂಲೆಯಲ್ಲಿ, ಅಲಬಾಮಾ ಗಡಿಗೆ ಹತ್ತಿರದ ಬಾರ್ಟೋ ಕೌಂಟಿಯಲ್ಲಿದ್ದಾಳೆ. ಅಲ್ಲಿ ಆಕೆಯ ಜೊತೆಗಿದ್ದವರು ಮರಾಯಾ ಮತ್ತು ಬೋಲಸ್ ಈಸ್ಲಿ ದಂಪತಿ. ಅವರೂ ದಕ್ಷಿಣ ಕೆರೊಲಿನಾದ ಪ್ಯಾಟರ್ಸನ್ ಆಸ್ತಿಯಲ್ಲಿದ್ದವರೇ, ಆಕೆಯ ಬಾಲ್ಯದ ಜನ. ಹೆಸರಿನಲ್ಲಿ ಪ್ಯಾಟರ್ಸನ್ ಇಲ್ಲ, ಶೀಲ್ಡ್ಸ್ ಇಲ್ಲ. ಒಡೆಯನ ಹೆಸರನ್ನೇ ಗುಲಾಮರು ಇಟ್ಟುಕೊಳ್ಳುತ್ತಿದ್ದರು ಎಂದು ನಂಬಿ ಹುಡುಕುವವರ ಕಣ್ಣಿಗೆ ಈ ಕುಟುಂಬ ಬೀಳುವುದೇ ಇಲ್ಲ. ಡಾಲ್ಫಸ್ ಮದುವೆಯಾದದ್ದು ಈ ಈಸ್ಲಿಯವರ ಮಗಳು ಆಲಿಸ್‌ಳನ್ನು. ಎಂಟರ ವಯಸ್ಸಿನ ಆಸುಪಾಸಿನಲ್ಲಿ ಅಗಲಿದವರು ಎರಡು ಮೂರು ದಶಕಗಳ ಮೇಲೆ, ಫೋನಿಲ್ಲದ, ಓದು ಬರಹವಿಲ್ಲದ ಕಾಲದಲ್ಲಿ, ಇನ್ನೊಂದು ರಾಜ್ಯದಲ್ಲಿ ಮತ್ತೆ ಕೂಡಿ ಬೀಗರಾದರು. ಹೇಗೆ ಕೂಡಿದರೆಂಬುದನ್ನು ಜನಗಣತಿ ಹೇಳುವುದಿಲ್ಲ, ಕೂಡಿದ್ದರು ಎಂಬುದನ್ನು ಮಾತ್ರ ಹೇಳುತ್ತದೆ.

ಶೋಧದ ದೃಷ್ಟಿಯಿಂದ ಈ ಸಂಬಂಧ ಬಲು ಬೆಲೆಯುಳ್ಳದ್ದು. ಉಯಿಲಿನ ಮೆಲ್ವಿನಿಯಾ, ಗಣತಿಯ ಮೆಲ್ವಿನಿಯಾ ಇಬ್ಬರೂ ಒಬ್ಬಳೇ ಎಂಬುದಕ್ಕೆ ಹೆಸರು ಮತ್ತು ವಯಸ್ಸಿನ ಹೊಂದಿಕೆಯಷ್ಟೇ ಸಾಲದು, ಅದೇ ಹೆಸರಿನವರು ಹಲವರಿರಬಹುದು. ಒಂದೇ ಹಳೆಯ ಆಸ್ತಿಯ ಜನ ಬೇರೆ ಊರಿನಲ್ಲಿ ಆಕೆಯ ಪಕ್ಕದಲ್ಲಿ ಸಿಕ್ಕಾಗ ಆ ಗುರುತು ಗಟ್ಟಿಯಾಗುತ್ತದೆ. ಒಬ್ಬರನ್ನೇ ಹುಡುಕಬೇಡಿ, ಅವರ ಸುತ್ತಲಿನವರನ್ನೂ ಹುಡುಕಿ ಎಂದು ವಂಶಾವಳಿಕಾರರು ಹೇಳುವುದು ಇದಕ್ಕೇ.

ಆ ಬೀಗತನವನ್ನು ನೆನಪಿನಲ್ಲಿಟ್ಟು 1938ರ ಪ್ರಮಾಣಪತ್ರವನ್ನು ಇನ್ನೊಮ್ಮೆ ಓದಬೇಕು. ಮೆಲ್ವಿನಿಯಾಳಿಗೇ ತನ್ನ ತಂದೆ ತಾಯಿ ಯಾರೆಂದು ಗೊತ್ತಿರಲಿಲ್ಲವೇನೋ ಎಂದು ಅದನ್ನು ಓದಿದವರಿಗೆ ಅನಿಸಿದ್ದು ಸಹಜ. ಆದರೆ ಆ ಕಾಲಂಗೆ ಉತ್ತರ ಕೊಟ್ಟದ್ದು ಸತ್ತವಳಲ್ಲ, ಸಹಿ ಹಾಕಿದ ಸಂಬಂಧಿಕರು. ಪ್ಯಾಟರ್ಸನ್ ಆಸ್ತಿಯ ಕಪ್ಪು ಜನರನ್ನು ಬಲ್ಲ ಮರಾಯಾ ಮತ್ತು ಬೋಲಸ್ ಆಕೆಯ ಜೊತೆಯಲ್ಲೇ ಬಾಳಿದವರು. ನಿನ್ನ ಅವ್ವ ಯಾರು ಎಂಬ ಮಾತು ಆ ಮನೆಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ ಎಂದು ನಂಬುವುದು ನನಗೆ ಕಷ್ಟ. 2012ರ ಜೂನಿನಲ್ಲಿ ರೆಕ್ಸ್ ಊರಿನಲ್ಲಿ ಮೆಲ್ವಿನಿಯಾಳ ಹೆಸರಿನ ಸ್ಮಾರಕವೊಂದನ್ನು ನಿಲ್ಲಿಸಿದರು. ಆಕೆಯಿಂದ ಕೆಳಕ್ಕೆ ಐದು ತಲೆಮಾರುಗಳ ಹೆಸರು ಈಗ ಗೊತ್ತು. ಮೇಲಕ್ಕೆ ಈಗಲೂ ಇರುವುದು ಆ ಸಂಬಂಧಿಕರ ಉತ್ತರ, ‘ಗೊತ್ತಿಲ್ಲ’.